ಮಾಡು ಬದಲಾಯಿತು, ಫ್ಯಾನು ಬಂತು

(ಬೇಸಿಗೆ ಶಿಬಿರದಲ್ಲಿ ಗ್ರಾಮಸ್ಥರು ಮತ್ತು ವಿದ್ಯಾರ್ಥಿಗಳ ಮುಂದೆ ಮಾಡಿದ ಭಾಷಣದ ಬರಹರೂಪ)



ಕಾಡು, ನದಿ, ಅಣೆಕಟ್ಟು, ಗಣಿಗಾರಿಕೆಗಳ ಬಗ್ಗೆ ಮಾತು ನಡೆಯುವ ಈ ವೇದಿಕೆಯಲ್ಲಿ ನಾನು ಸೀಲಿಂಗ್ ಫ್ಯಾನಿನ ಬಗ್ಗೆ ಮಾತನಾಡುತ್ತೇನೆಂದು ತಿಳಿಸಿದಾಗ ಸಂಘಟಕರು ಕ್ಷಣಕಾಲ ಸುಮ್ಮನಾದರು. ತಮಾಷೆ ಮಾಡುತ್ತಿದ್ದೇನೆಂದು ಭಾವಿಸಿದರೇನೋ. ದಯಮಾಡಿ ತಾವೆಲ್ಲರೂ ಒಮ್ಮೆ ತಲೆಯೆತ್ತಿ ನೋಡಿ. ಈ ಸಭಾಂಗಣದಲ್ಲಿ ಆರು ಫ್ಯಾನುಗಳು ತಿರುಗುತ್ತಿವೆ. ನಾನು ಹೈಸ್ಕೂಲು ಓದುತ್ತಿದ್ದ ಕಾಲದಲ್ಲಿ ನಮ್ಮ ಸೀಮೆಯ ಯಾವ ಶಾಲೆಯಲ್ಲೂ ಫ್ಯಾನು ಕಂಡ ನೆನಪು ನನಗಿಲ್ಲ. ಮದುವೆಯ ಚಪ್ಪರದಲ್ಲಿ ಹಿರಿಯರಿಗೆ ಅಡಿಕೆ ಹಾಳೆಯ ಬೀಸಣಿಗೆ ಕೊಡುತ್ತಿದ್ದರು; ಉಳಿದವರಿಗೆ ಅದೂ ಇಲ್ಲ. ಮಲೆನಾಡಿನ ಮನೆಗೆ ಫ್ಯಾನು ಬೇಕೇ ಎಂಬ ಪ್ರಶ್ನೆಯೇ ಆಗ ಹುಟ್ಟಿರಲಿಲ್ಲ. ಈಗ ಫ್ಯಾನಿಲ್ಲದ ಮನೆಯನ್ನು ಹುಡುಕಿಕೊಂಡು ಹೋಗಬೇಕು.

ಬೇಸಿಗೆ ಕಠಿಣವಾಗಿದೆ ಎಂಬುದು ನಿಜ. ಫ್ಯಾನು ಬೇಡದ ಊರೆಂದು ಹೆಸರಾಗಿದ್ದ ಬೆಂಗಳೂರಿನಲ್ಲಿಯೇ 2016ರ ಏಪ್ರಿಲ್‌ನಲ್ಲಿ 39.2 ಡಿಗ್ರಿ, 2024ರ ಏಪ್ರಿಲ್‌ನಲ್ಲಿ 38.5 ಡಿಗ್ರಿ ಸೆಲ್ಸಿಯಸ್ ತಾಪಮಾನ ದಾಖಲಾಯಿತು. ಆದರೆ ಎಲ್ಲ ಹೊಣೆಯನ್ನೂ ಆಕಾಶದ ಮೇಲೆ ಹೊರಿಸಿ ಕೈತೊಳೆದುಕೊಳ್ಳಲು ನನ್ನ ಮನಸ್ಸು ಒಪ್ಪುವುದಿಲ್ಲ. ನಮ್ಮ ಮನೆಗಳಿಗೆ ಫ್ಯಾನು ಬಂದದ್ದರಲ್ಲಿ ಸೂರ್ಯನ ಪಾಲು ಎಷ್ಟಿದೆಯೋ ಮನೆಯ ಮಾಡಿನ ಪಾಲೂ ಅಷ್ಟೇ ಇದೆ ಎಂಬುದು ನಾನು ಇಂದು ನಿಮ್ಮ ಮುಂದೆ ಇಡಲಿರುವ ವಿಚಾರ.

ಮೊದಲು ಫ್ಯಾನು ಮಾಡುವ ಕೆಲಸವನ್ನು ಅರಿಯೋಣ. ಫ್ಯಾನು ಗಾಳಿಯನ್ನು ತಂಪು ಮಾಡುವುದಿಲ್ಲ. ಸಾಮಾನ್ಯ ಸೀಲಿಂಗ್ ಫ್ಯಾನು ಪೂರ್ಣ ವೇಗದಲ್ಲಿ 70ರಿಂದ 80 ವ್ಯಾಟ್ ವಿದ್ಯುತ್ತನ್ನು ಬಳಸುತ್ತದೆ. ಆ ಶಕ್ತಿಯೆಲ್ಲವೂ ಕಟ್ಟಕಡೆಗೆ ಅದೇ ಕೋಣೆಯಲ್ಲಿ ಶಾಖವಾಗಿ ಸೇರುತ್ತದೆ. ಸುಮ್ಮನೆ ಕುಳಿತ ಮನುಷ್ಯನ ದೇಹವು ಹೊರಸೂಸುವ ಶಾಖ ಸುಮಾರು 100 ವ್ಯಾಟ್. ಎಂದರೆ ಯಾರೂ ಇಲ್ಲದ ಕೋಣೆಯಲ್ಲಿ ಫ್ಯಾನು ತಿರುಗುತ್ತಿದ್ದರೆ ಮುಕ್ಕಾಲು ಮನುಷ್ಯನನ್ನು ಅಲ್ಲಿ ಕೂರಿಸಿ ಕೋಣೆಯನ್ನು ಬಿಸಿ ಮಾಡಿದಂತೆ. ಫ್ಯಾನಿನಿಂದ ತಂಪಾಗುವುದು ಕೋಣೆಯಲ್ಲ, ನಮ್ಮ ಚರ್ಮ. ಬೆವರಿನ ಮೇಲೆ ಗಾಳಿ ಹಾಯ್ದಾಗ ಬೆವರು ಆವಿಯಾಗುತ್ತದೆ. ಆವಿಯಾಗುವಾಗ ದೇಹದ ಶಾಖವನ್ನು ಕೊಂಡೊಯ್ಯುತ್ತದೆ. ನಾನು ವೃತ್ತಿಯಿಂದ ಎಲೆಗಳ ಬಾಷ್ಪವಿಸರ್ಜನೆಯನ್ನು ಅಳೆಯುವವನು. ಅಡಿಕೆ ಗರಿಯೂ ನಮ್ಮ ಚರ್ಮವೂ ಈ ವಿಷಯದಲ್ಲಿ ಒಂದೇ ಪಾಠವನ್ನು ಕಲಿತಿವೆ. ಗಾಳಿ ನಿಂತು ತೇವ ಕವಿದ ದಿನ ಎರಡಕ್ಕೂ ಉಸಿರುಗಟ್ಟುತ್ತದೆ. ಮುಂಗಾರಿಗೆ ಮುಂಚಿನ ಮೇ ತಿಂಗಳಿನಲ್ಲಿ ತಾಪಮಾನವು ಬಯಲುಸೀಮೆಗಿಂತ ಕಡಿಮೆ ಇದ್ದರೂ ನಮಗೆ ಸೆಕೆ ಹೆಚ್ಚೆನಿಸುವುದು ಇದರಿಂದಲೇ. ಮೈಮೇಲೆ ಸಾಧಾರಣ ವೇಗದಲ್ಲಿ ಗಾಳಿ ಹಾಯುತ್ತಿದ್ದರೆ ಎರಡು ಮೂರು ಡಿಗ್ರಿ ಕಡಿಮೆಯಾದಂತೆ ಭಾಸವಾಗುತ್ತದೆ. ಹೀಗಾಗಿ ಫ್ಯಾನು ನಿರರ್ಥಕ ವಸ್ತುವಲ್ಲ. ವಿಲಾಸದ ವಸ್ತುವೂ ಅಲ್ಲ. ಬಾಣಂತಿಯ ಕೋಣೆಯಲ್ಲಿ, ಹಾಸಿಗೆ ಹಿಡಿದ ವೃದ್ಧರ ಬಳಿಯಲ್ಲಿ ಅದು ಔಷಧಕ್ಕೆ ಸಮ.

ಇನ್ನು ಮನೆಗಳ ವಿಚಾರ. ನಮ್ಮ ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯ ಹಳೆಯ ಮನೆಯನ್ನು ನೆನಪಿಸಿಕೊಳ್ಳಿ. ದಪ್ಪ ಮಣ್ಣಿನ ಗೋಡೆ, ಮರದ ಮುಚ್ಚಿಗೆ, ಅದರ ಮೇಲೆ ಅಟ್ಟ, ಅದಕ್ಕೂ ಮೇಲೆ ಹೆಂಚು. 1860ರ ದಶಕದಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಕಾರ್ಖಾನೆ ತೆರೆದ ಮೇಲೆ ಘಟ್ಟ ಹತ್ತಿ ಬಂದ ಹೆಂಚು ಅದು. ಬಿಸಿಲು ಹೆಂಚಿಗೆ ಬಡಿಯುತ್ತದೆ. ಹೆಂಚಿನಡಿಯ ಬಿಸಿಗಾಳಿ ಸಂದುಗಳಿಂದ ಹೊರಗೆ ಹೋಗುತ್ತದೆ. ಅಟ್ಟದಲ್ಲಿ ಉಳಿದ ಶಾಖವನ್ನು ಮುಚ್ಚಿಗೆಯು ಕೆಳಗಿಳಿಯಗೊಡುವುದಿಲ್ಲ. ನಡುಮನೆಯಲ್ಲಿ ಕತ್ತಲೆ ಇತ್ತು, ಹೊಗೆ ಇತ್ತು, ಆದರೆ ಸೆಕೆ ಇರಲಿಲ್ಲ. ಇಂಥ ಮನೆಗೆ ಫ್ಯಾನು ಹಾಕಲು ಹೋದವರು ಒಂದು ತೊಡಕನ್ನು ಕಂಡಿರುತ್ತಾರೆ: ಮುಚ್ಚಿಗೆ ತಗ್ಗಿನಲ್ಲಿದ್ದು, ಕೈ ಎತ್ತಿದರೆ ರೆಕ್ಕೆಗೆ ತಗಲುತ್ತದೆ. ರೆಕ್ಕೆಯು ನೆಲದಿಂದ ಎಂಟು ಅಡಿಯಾದರೂ ಮೇಲಿರಬೇಕು. ಮೇಲ್ಚಾವಣಿಯಿಂದ ಸುಮಾರು ಒಂದು ಅಡಿ ಕೆಳಗಿರಬೇಕು. ಇಲ್ಲವಾದರೆ ಅದು ಗಾಳಿಯನ್ನು ಸೆಳೆದುಕೊಳ್ಳಲಾರದು. ಆದ್ದರಿಂದ ಹಳೆಯ ಮನೆಗಳಲ್ಲಿ ಇಂದಿಗೂ ಜಗಲಿಯಲ್ಲಿ ಒಂದು ಟೇಬಲ್ ಫ್ಯಾನು ಮಾತ್ರ ಇರುತ್ತದೆ. ಅದೂ ಬಂದ ನೆಂಟರಿಗಾಗಿ.

ಇಂಥ ಮನೆಯನ್ನು ನಾವೇಕೆ ಕೆಡವಿದೆವು? ಪೇಟೆಯ ವ್ಯಾಮೋಹವೆಂದು ಸುಲಭವಾಗಿ ಹೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ಮಂಗಗಳು ಹೆಂಚು ಒಡೆಯುತ್ತವೆ. ಮಳೆಗಾಲಕ್ಕೆ ಮುನ್ನ ಹೆಂಚು ಕೈಯಾಡಿಸಲು ಆಳು ಸಿಗುವುದಿಲ್ಲ. ಜಂತೆಗೆ ಗೆದ್ದಲು ಹತ್ತಿದರೆ ಬದಲಿಸಲು ಮರವಿಲ್ಲ. ಮಕ್ಕಳು ಊರು ಬಿಟ್ಟು ಹೋದ ಮೇಲೆ ಮುದುಕರಿಬ್ಬರು ಆ ದೊಡ್ಡ ಮಾಡನ್ನು ಕಾಯುವುದು ಹೇಗೆ? ನಾನೂ ಕೆಡವಿದವನೇ. 2004ರಲ್ಲಿ ತಂದೆಯವರ ಕಾಲದ ಹೆಂಚಿನ ಮನೆಯನ್ನು ತೆಗೆದು ತಾರಸಿ ಮನೆ ಕಟ್ಟಿಸಿದೆ. ಅಂಗಳದ ಮೂಲೆಯಲ್ಲಿದ್ದ ಹಲಸಿನ ಮರವು ತಾರಸಿಯ ಮೇಲೆ ಎಲೆ ಉದುರಿಸುತ್ತದೆಂದು ಅದನ್ನೂ ಕಡಿಸಿದೆ. ಕೃಷಿ ವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದವನ ಬುದ್ಧಿ ಇದು! ಮೊದಲ ಬೇಸಿಗೆಯಲ್ಲಿಯೇ ಐದು ಫ್ಯಾನುಗಳನ್ನು ತಂದೆ.

ಕಾಂಕ್ರೀಟಿನ ಗುಣವೇ ಹಾಗೆ. ನಾಲ್ಕೈದು ಅಂಗುಲದ ತಾರಸಿಯು ಹಗಲೆಲ್ಲ ಬಿಸಿಲನ್ನು ಕುಡಿಯುತ್ತದೆ. ಹೊತ್ತು ಮುಳುಗಿದ ಮೇಲೆ ಅದನ್ನು ನಿಧಾನವಾಗಿ ಒಳಗೆ ಕಾರುತ್ತದೆ. ವಿದ್ಯಾರ್ಥಿಗಳು ಈ ರಾತ್ರಿಯೇ ಪರೀಕ್ಷಿಸಿ ನೋಡಬಹುದು. ಊಟ ಮುಗಿದ ಮೇಲೆ ಮೇಜಿನ ಮೇಲೆ ನಿಂತು, ಫ್ಯಾನು ನಿಲ್ಲಿಸಿ, ತಾರಸಿಯ ಅಡಿಗೆ ಅಂಗೈ ಇಡಿ. ಹೊರಗೆ ತಂಗಾಳಿ ಬೀಸುತ್ತಿದ್ದರೂ ಅದು ಬೆಚ್ಚಗಿರುತ್ತದೆ. ನಾವು ಮಲಗುವ ಹೊತ್ತೂ ತಾರಸಿ ಶಾಖ ಬಿಡುವ ಹೊತ್ತೂ ಒಂದೇ. ಸೊಳ್ಳೆಗೆ ಹೆದರಿ ಕಿಟಕಿ ಮುಚ್ಚಿರುತ್ತೇವೆ. ಹಾಗಾಗಿ ರಾತ್ರಿಯಿಡೀ ಫ್ಯಾನು.

ನನ್ನ ತಾರಸಿಯು ಏಳನೆಯ ಮಳೆಗಾಲಕ್ಕೆ ಸೋರತೊಡಗಿತು. ಇದು ಮಲೆನಾಡಿನ ಎಲ್ಲ ತಾರಸಿಗಳ ಜಾತಕ. ಎಲ್ಲರೂ ಮಾಡಿದಂತೆ ನಾನೂ ಕಬ್ಬಿಣದ ಕಂಬ ನೆಟ್ಟು ಮೇಲೊಂದು ಶೀಟಿನ ಮಾಡು ಹಾಕಿಸಿದೆ. ಉದ್ದೇಶ ಎರಡು: ಸೋರುವುದು ನಿಲ್ಲಬೇಕು, ಅಡಿಕೆ ಒಣಗಿಸಲು ಜಾಗವಾಗಬೇಕು. ಮರುವರ್ಷದ ಬೇಸಿಗೆಯಲ್ಲಿ ಮನೆಯವಳು ಹೇಳಿದಳು, "ಈ ವರ್ಷ ರಾತ್ರಿ ಫ್ಯಾನು ಒಂದರಲ್ಲಿಟ್ಟರೆ ಸಾಕಾಗ್ತದೆ, ನೋಡಿದ್ರಾ?" ನಾನು ನೋಡಿರಲಿಲ್ಲ. ಶೀಟು ಬಿಸಿಲನ್ನು ತಡೆಯಿತು, ಶೀಟಿಗೂ ತಾರಸಿಗೂ ನಡುವೆ ನಾಲ್ಕು ಕಡೆಯಿಂದ ಗಾಳಿಯಾಡಿತು, ತಾರಸಿ ಕಾಯಲಿಲ್ಲ. ಅಜ್ಜನ ಕಾಲದ ಅಟ್ಟವನ್ನೇ ಲಕ್ಷಗಟ್ಟಲೆ ರೂಪಾಯಿ ಖರ್ಚು ಮಾಡಿ, ಏಳು ವರ್ಷ ಬೆವರಿ, ತಿಳಿಯದೆಯೇ ಮತ್ತೆ ಕಟ್ಟಿಸಿದ್ದೆ. ನಮ್ಮ ಕಡೆ ಇಂಥ ಎರಡು ಮಾಡಿನ ಮನೆಗಳು ಊರೂರಿನಲ್ಲಿವೆ. ಅಂದಗೆಡುತ್ತದೆಂದು ಮೂಗು ಮುರಿಯುವ ವಾಸ್ತುಶಿಲ್ಪಿಗಳು ಒಂದು ರಾತ್ರಿ ಆ ಮನೆಗಳಲ್ಲಿ ಮಲಗಿ ನೋಡಲಿ.

ಇದು ಅನುಕೂಲವಂತರ ಕಥೆ. ಇನ್ನೊಂದು ಬಗೆಯ ಮನೆಯಿದೆ. ಅದರ ಬಗ್ಗೆ ನಮ್ಮ ಚಳವಳಿ ಮಾತನಾಡಿದ್ದು ಬಹಳ ಕಡಿಮೆ. ತಾರಸಿಯಿಲ್ಲದ, ಮುಚ್ಚಿಗೆಯಿಲ್ಲದ, ತಲೆಯ ಮೇಲೆ ನೇರವಾಗಿ ಸಿಮೆಂಟ್ ಶೀಟು ಅಥವಾ ತಗಡು ಇರುವ ಮನೆ. ಚಿಕ್ಕಮಗಳೂರು, ಕೊಡಗಿನ ಕಾಫಿ ತೋಟಗಳ ಹಲವು ಲೈನ್ ಮನೆಗಳು ಹೀಗಿವೆ. ನಮ್ಮ ಊರುಗಳ ಅಂಚಿನಲ್ಲಿ ಕೂಲಿಕಾರರ ಮನೆಗಳೂ ಹೀಗಿವೆ. ಎರಡು ವರ್ಷಗಳ ಹಿಂದೆ ಕಾಫಿ ಬೆರ್ರಿ ಕೊರಕದ ಸಮೀಕ್ಷೆಗೆಂದು ತೋಟವೊಂದಕ್ಕೆ ಹೋಗಿದ್ದಾಗ ಮಧ್ಯಾಹ್ನ ನೀರು ಕುಡಿಯಲು ಲೈನಿನ ಮನೆಯೊಂದರ ಮುಂದೆ ನಿಂತೆ. ಒಳಗೆ ಕಬ್ಬಿಣದ ಪೈಪಿಗೆ ಫ್ಯಾನು ತೂಗುಹಾಕಿದ್ದರು. ಶೀಟಿಗೂ ಅದಕ್ಕೂ ಒಂದು ಗೇಣು ಅಂತರ. ಫ್ಯಾನು ನಿಂತಿತ್ತು. ಕರೆಂಟು ಇಲ್ಲವೇ ಎಂದು ಕೇಳಿದೆ. ಆ ತಾಯಿ ಹೇಳಿದ್ದು ಇಷ್ಟು: "ಕರೆಂಟು ಐತೆ ಸಾರ್. ಹಗಲು ಹಾಕಿದ್ರೆ ಒಲೆ ಊದಿದಂಗೆ ಬಿಸಿ ಗಾಳಿ. ರಾತ್ರಿ ಹಾಕ್ದೆ ಇದ್ರೆ ಸೊಳ್ಳೆ. ಮಗೀನ ಹೊರಗೆ ಕಾಪಿ ಗಿಡದ ಬುಡದಾಗೆ ಮಲಗ್ಸಿದೀನಿ."

ಈ ಮಾತಿನಲ್ಲಿ ಪೂರ್ತಿ ವಿಜ್ಞಾನವಿದೆ. ಫ್ಯಾನು ತನ್ನ ಮೇಲಿರುವ ಗಾಳಿಯನ್ನು ಸೆಳೆದು ಕೆಳಕ್ಕೆ ತಳ್ಳುತ್ತದೆ. ಕಾದ ಶೀಟಿನ ಅಡಿಯಲ್ಲಿ ಕುದಿಯುವ ಗಾಳಿಯೇ ಆ ಮೇಲಿನ ಗಾಳಿ. ಗಾಳಿಯ ತಾಪಮಾನವು ಚರ್ಮದ ತಾಪಮಾನವಾದ 35 ಡಿಗ್ರಿಯನ್ನು ದಾಟಿದ ಮೇಲೆ ಬೀಸುವ ಗಾಳಿ ಶಾಖವನ್ನು ಒಯ್ಯುವುದಿಲ್ಲ, ತರುತ್ತದೆ. ಬೆವರು ಆವಿಯಾಗುವುದೊಂದೇ ಆಗ ಉಳಿಯುವ ಆಸರೆ. ತಾಪಮಾನ 40 ಡಿಗ್ರಿಯನ್ನು ಮೀರಿದಾಗ ಫ್ಯಾನನ್ನು ನಂಬಬೇಡಿರೆಂದು ವಿಶ್ವ ಆರೋಗ್ಯ ಸಂಸ್ಥೆಯೇ ಎಚ್ಚರಿಸುತ್ತದೆ. ಬೆವರುವ ಶಕ್ತಿ ಕುಂದಿದ ವೃದ್ಧರಿಗೆ ಅದಕ್ಕೂ ಮೊದಲೇ ಅಪಾಯ. ಮಲೆನಾಡಿನ ಹೊರಗಿನ ಗಾಳಿ 40 ಮುಟ್ಟದಿರಬಹುದು; ಆದರೆ ಶೀಟಿನ ಅಡಿಯ ಗಾಳಿಯ ಲೆಕ್ಕವೇ ಬೇರೆ. ಆ ತಾಯಿ ಮಗುವನ್ನು ಮರದ ನೆರಳಿಗೆ ಒಯ್ದದ್ದು ಅತ್ಯಂತ ಸರಿಯಾದ ನಿರ್ಧಾರ. ಒಂದು ವಿಷಯವನ್ನೂ ಹೇಳಿಬಿಡುತ್ತೇನೆ, ಕೆಲವರಿಗೆ ಬೇಸರವಾಗಬಹುದು. ಮಿಶ್ರತಳಿ ಹಸುಗಳು ಸೆಕೆಗೆ ಹಾಲು ಕಡಿಮೆ ಮಾಡುತ್ತವೆಂದು ಕೊಟ್ಟಿಗೆಗೆ ಫ್ಯಾನು ಹಾಕಿಸಿ ಎಂದು ರೈತರಿಗೆ ಸಲಹೆ ಕೊಟ್ಟವರಲ್ಲಿ ನಾನೂ ಒಬ್ಬ. ಅದು ಸರಿಯಾದ ಸಲಹೆಯೇ. ಆದರೆ ಅದೇ ಕೊಟ್ಟಿಗೆಯ ಸೆಗಣಿ ತೆಗೆಯುವವರ ಮನೆಯ ಮಾಡು ಯಾವುದೆಂದು ನಾನು ಒಮ್ಮೆಯೂ ಕೇಳಿರಲಿಲ್ಲ.

ಮಳೆಗಾಲದ ಫ್ಯಾನನ್ನು ಮರೆಯುವಂತಿಲ್ಲ. ಜುಲೈ ತಿಂಗಳಿನಲ್ಲಿ ಮಲೆನಾಡಿನ ಯಾವ ಮನೆಗೆ ಹೋದರೂ ಹಾಲಿನಲ್ಲಿ ಅಡ್ಡಡ್ಡ ಹಗ್ಗ ಕಟ್ಟಿ, ಮಕ್ಕಳ ಯೂನಿಫಾರಂ, ಕಾಲುಚೀಲಗಳನ್ನು ಹರವಿ, ಮೇಲೆ ಫ್ಯಾನು ತಿರುಗಿಸಿರುತ್ತಾರೆ. ಹಿಂದೆ ಒಲೆಯ ಮೇಲಿನ ಜಾಗ ಈ ಕೆಲಸ ಮಾಡುತ್ತಿತ್ತು. ಗ್ಯಾಸು ಬಂದಿತು, ಒಲೆಯ ಬಿಸಿ ಹೋಯಿತು, ಬಟ್ಟೆ ಫ್ಯಾನಿನಡಿಗೆ ಬಂತು. ಬಯಲುಸೀಮೆಯವರಿಗೆ ಈ ಬಳಕೆ ನಗು ತರಿಸಬಹುದು. ನಮಗೆ ಅದು ಬೇಸಿಗೆಯಷ್ಟೇ ನಿಜವಾದ ಅಗತ್ಯ.

ಇನ್ನು ವಿದ್ಯುತ್ತಿನ ಲೆಕ್ಕಕ್ಕೆ ಬರುತ್ತೇನೆ. ಬಿಎಲ್‌ಡಿಸಿ ಎಂಬ ಹೊಸ ಬಗೆಯ ಮೋಟಾರಿನ ಫ್ಯಾನುಗಳು ಪೂರ್ಣ ವೇಗದಲ್ಲಿ 28ರಿಂದ 35 ವ್ಯಾಟ್ ಮಾತ್ರ ಬಳಸುತ್ತವೆ. ಗಾಳಿ ಹೆಚ್ಚು ಕಡಿಮೆ ಅಷ್ಟೇ. ವಿದ್ಯುತ್ತು ಅರ್ಧಕ್ಕಿಂತ ಕಡಿಮೆ. ನಮ್ಮ ಹಳ್ಳಿಗಳಿಗೆ ಇದರಲ್ಲಿ ಇನ್ನೊಂದು ಲಾಭವಿದೆ. ಲೈನಿನ ಕೊನೆಯಲ್ಲಿರುವ ಮನೆಗಳಿಗೆ ಸಂಜೆಯ ಹೊತ್ತು ವೋಲ್ಟೇಜ್ 160ಕ್ಕೂ ಇಳಿಯುವುದುಂಟು. ಹಳೆಯ ಮೋಟಾರಿನ ತಿರುಗುಬಲವು ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿ ಕುಸಿಯುತ್ತದೆ. 230ರ ಬದಲು 160 ಬಂದರೆ ಬಲ ಅರ್ಧಕ್ಕಿಂತ ಕೆಳಗೆ. ಹೊಸ ಮೋಟಾರು ಅಲ್ಲಿಯೂ ಒಂದೇ ವೇಗದಲ್ಲಿ ತಿರುಗಬಲ್ಲದು. ಮಳೆಗಾಲದಲ್ಲಿ ಕರೆಂಟು ಹೋದಾಗ ಇನ್ವರ್ಟರಿನ ಬ್ಯಾಟರಿಯೂ ಹೆಚ್ಚು ಹೊತ್ತು ಬರುತ್ತದೆ. ಆದರೆ ಇದನ್ನು ಗೋಡೆಯ ಹಳೆಯ ರೆಗ್ಯುಲೇಟರಿಗೆ ಜೋಡಿಸಬಾರದು. ಎಲೆಕ್ಟ್ರಿಷಿಯನ್ ಮರೆತರೆ ನೀವು ನೆನಪಿಸಿ. 2023ರ ಜನವರಿಯಿಂದ ಸೀಲಿಂಗ್ ಫ್ಯಾನುಗಳಿಗೆ ನಕ್ಷತ್ರಚೀಟಿ ಕಡ್ಡಾಯವಾಗಿದೆ. ಅಂಗಡಿಯವನು ಬಣ್ಣ ತೋರಿಸುವಾಗ ನೀವು ಚೀಟಿ ಓದಿ: ಎಷ್ಟು ವ್ಯಾಟ್, ನಿಮಿಷಕ್ಕೆ ಎಷ್ಟು ಘನ ಮೀಟರ್ ಗಾಳಿ.

ಇಷ್ಟೆಲ್ಲ ಲಾಭವಿದ್ದರೂ ಜನರು ಏಕೆ ಕೊಳ್ಳುವುದಿಲ್ಲ? ಬೆಲೆ ಸಾವಿರ, ಒಂದೂವರೆ ಸಾವಿರ ರೂಪಾಯಿ ಹೆಚ್ಚು. ದಿನಕ್ಕೆ 10 ಗಂಟೆಯಂತೆ ನಾಲ್ಕು ತಿಂಗಳು ಬಳಸಿದರೆ ಉಳಿಯುವುದು ಸುಮಾರು 54 ಯೂನಿಟ್; 2025ರ ದರದಲ್ಲಿ ಮುನ್ನೂರು ರೂಪಾಯಿಯ ಆಸುಪಾಸು. ಹೆಚ್ಚುವರಿ ಹಣ ಮರಳಲು ನಾಲ್ಕು ವರ್ಷ ಬೇಕು. ವರ್ಷವಿಡೀ ಫ್ಯಾನು ತಿರುಗಿಸುವ ಪೇಟೆಯವರಿಗೆ ಒಂದೂವರೆ ವರ್ಷದಲ್ಲಿ ಮರಳುತ್ತದೆ. ಇದಕ್ಕೆ 2023ರ ಆಗಸ್ಟ್‌ನಲ್ಲಿ ಗೃಹಜ್ಯೋತಿ ಸೇರಿತು. ಬಿಲ್ಲೇ ಬಾರದ ಮನೆಯಲ್ಲಿ ಉಳಿತಾಯದ ಫ್ಯಾನಿಗೆ ಹಣ ಕೊಡುವವರಾರು? ನಾನು ಈ ಯೋಜನೆಯ ವಿರೋಧಿಯಲ್ಲ. ಬಡವರ ಮನೆಯಲ್ಲಿ ಬಿಲ್ಲಿಗೆ ಹೆದರಿ ಫ್ಯಾನು ನಿಲ್ಲಿಸುತ್ತಿದ್ದ ರಾತ್ರಿಗಳು ಇದರಿಂದ ಕಡಿಮೆಯಾದವು. ಅದು ಸಣ್ಣ ಸಂಗತಿಯಲ್ಲ. ಆದರೆ ಲೆಕ್ಕದ ಕ್ರಮವನ್ನು ನೋಡಿ. ಎಲ್ಲರಿಗೂ 200 ಯೂನಿಟ್ ಎಂದು ನಾವು ತಿಳಿದಿದ್ದೇವೆ. ಹಾಗಲ್ಲ, ಮನೆಯ ಹಿಂದಿನ ವರ್ಷದ ಸರಾಸರಿ ಬಳಕೆಯ ಮೇಲೆ ಶೇಕಡಾ 10 ಹೆಚ್ಚು, 200ರ ಮಿತಿಯೊಳಗೆ. ಐದು ಫ್ಯಾನು, ಫ್ರಿಜ್ಜು, ಮಿಕ್ಸಿ ಇದ್ದ ನನ್ನಂಥವನಿಗೆ ದೊಡ್ಡ ಪಾಲು. ಒಂದು ಬಲ್ಬಿನ ಭಾಗ್ಯಜ್ಯೋತಿ ಸಂಪರ್ಕದಲ್ಲಿ ಬದುಕಿದವರಿಗೆ ಸಣ್ಣ ಪಾಲು. 2024ರ ಜನವರಿಯಲ್ಲಿ ಕಡಿಮೆ ಬಳಸುವವರಿಗಾಗಿ ಶೇಕಡಾ 10ರ ಬದಲು 10 ಯೂನಿಟ್ ಎಂದು ತಿದ್ದಿದರು. ತಿಂಗಳಿಗೆ 10 ಯೂನಿಟ್‌ನಲ್ಲಿ ಹಳೆಯ ಫ್ಯಾನು ರಾತ್ರಿಗೆ ನಾಲ್ಕೂವರೆ ಗಂಟೆ ತಿರುಗುತ್ತದೆ. ಹೊಸದು ಹತ್ತು ಗಂಟೆ, ಎಂದರೆ ಬೆಳಗಾಗುವವರೆಗೆ. ಹೀಗಾಗಿ ಕಡಿಮೆ ವ್ಯಾಟಿನ ಫ್ಯಾನು ಎಲ್ಲರಿಗಿಂತ ಹೆಚ್ಚಾಗಿ ಬೇಕಿರುವುದು ಅದನ್ನು ಕೊಳ್ಳಲಾರದವರಿಗೆ. 2015ರಿಂದ ಎಲ್‌ಇಡಿ ಬಲ್ಬುಗಳನ್ನು ಅಗ್ಗದ ದರದಲ್ಲಿ ಮನೆಮನೆಗೆ ಮುಟ್ಟಿಸಿದಂತೆ, ಸೊನ್ನೆ ಬಿಲ್ಲಿನ ಮನೆಗಳಿಗೆ ಸರ್ಕಾರವೇ ಈ ಫ್ಯಾನುಗಳನ್ನು ಕೊಡಲಿ ಎಂಬ ಬೇಡಿಕೆಯನ್ನು ನಾವು ಮುಂದಿಡಬೇಕು. ಉಚಿತ ವಿದ್ಯುತ್ತಿನ ಹೊರೆಯೂ ಇಳಿಯುತ್ತದೆ.

ಈ ಬೇಡಿಕೆಗೂ ನಮ್ಮ ಕಣಿವೆಗೂ ಸಂಬಂಧವಿದೆ. ಶರಾವತಿಗೆ ಲಿಂಗನಮಕ್ಕಿಯಲ್ಲಿ ಕಟ್ಟಿದ ಅಣೆಕಟ್ಟು 1964ರಲ್ಲಿ ಮುಗಿಯಿತು. ಮುಳುಗಡೆಯಾಗಿ ಎದ್ದುಹೋದವರ ಮಕ್ಕಳು, ಮೊಮ್ಮಕ್ಕಳು ಈ ಸಭೆಯಲ್ಲಿದ್ದೀರಿ. ನಾಡಿಗೆ ಬೆಳಕು ಕೊಟ್ಟ ಹಿನ್ನೀರಿನ ಹಲವು ಹಳ್ಳಿಗಳಿಗೆ ದಶಕಗಳ ಕಾಲ ವಿದ್ಯುತ್ತು ಬರಲಿಲ್ಲವೆಂಬುದನ್ನು ನಾನು ನಿಮಗೆ ಹೇಳಬೇಕಿಲ್ಲ. ಈಗ ತಲಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ, ಸಿಂಗಳೀಕಗಳ ಕಾಡಿನಲ್ಲಿ, 2000 ಮೆಗಾವ್ಯಾಟ್‌ನ ಭೂಗರ್ಭ ಪಂಪ್ಡ್ ಸ್ಟೋರೇಜ್ ಯೋಜನೆಯನ್ನು ತರಹೊರಟಿದ್ದಾರೆ. ವಿದ್ಯುತ್ತು ಹೆಚ್ಚಿರುವಾಗ ನೀರನ್ನು ಮೇಲಕ್ಕೆತ್ತಿ, ಬೇಡಿಕೆ ಏರಿದಾಗ ಕೆಳಕ್ಕೆ ಬಿಡುವುದು ಇದರ ಕ್ರಮ. ಇಂಥ ಯೋಜನೆಗಳಲ್ಲಿ 100 ಯೂನಿಟ್ ಖರ್ಚು ಮಾಡಿದರೆ ಮರಳಿ ಸಿಗುವುದು 75ರಿಂದ 80. ಸೂರ್ಯ ಮುಳುಗಿದ ಮೇಲಿನ ಬೇಡಿಕೆಯನ್ನು ಪೂರೈಸಲು ಇದು ಬೇಕೇ ಬೇಕು ಎಂಬುದು ಅವರ ವಾದ.

ಆ ಸಂಜೆಯ ಬೇಡಿಕೆಯಲ್ಲಿ ತಾರಸಿಯ ಅಡಿಯ ಫ್ಯಾನುಗಳೂ ಇವೆ. 2011ರ ಜನಗಣತಿಯಂತೆ ಕರ್ನಾಟಕದಲ್ಲಿ ಸುಮಾರು 1.3 ಕೋಟಿ ಕುಟುಂಬಗಳಿದ್ದವು. ಒಂದು ಕುಟುಂಬ ಒಂದೇ ಫ್ಯಾನನ್ನು ಬದಲಿಸಿ 45 ವ್ಯಾಟ್ ಉಳಿಸಿದರೆ, ಎಲ್ಲವೂ ಒಮ್ಮೆಲೇ ತಿರುಗುವ ಹೊತ್ತಿನಲ್ಲಿ 585 ಮೆಗಾವ್ಯಾಟ್. ಶರಾವತಿ ವಿದ್ಯುದಾಗಾರದ ಸ್ಥಾಪಿತ ಸಾಮರ್ಥ್ಯವೇ 1035 ಮೆಗಾವ್ಯಾಟ್. ಅದರ ಅರ್ಧಕ್ಕಿಂತ ಹೆಚ್ಚು. ಎರಡು ಫ್ಯಾನು ಬದಲಿಸಿದರೆ 1170. ಎಲ್ಲ ಫ್ಯಾನುಗಳೂ ಏಕಕಾಲದಲ್ಲಿ ತಿರುಗುವುದಿಲ್ಲ. ಹಾಗಾಗಿ ಇದು ಕಾಗದದ ಮೇಲಿನ ಗರಿಷ್ಠ ಲೆಕ್ಕ. ಆ ಯೋಜನೆಗೆ ಇದೊಂದೇ ಪರ್ಯಾಯವೆಂದು ನಾನು ಹೇಳಲಾರೆ. ಹೇಳಿದರೆ ಎದುರಿನ ಎಂಜಿನಿಯರು ಐದು ನಿಮಿಷದಲ್ಲಿ ನಮ್ಮನ್ನು ಸುಮ್ಮನಾಗಿಸುತ್ತಾರೆ. ಆದರೆ ಕಣಿವೆಯನ್ನು ಕೊರೆಯುವ ಮೊದಲು ಈ ಲೆಕ್ಕವನ್ನು ಮಾಡಿದ್ದೀರಾ ಎಂದು ಕೇಳುವ ಹಕ್ಕು ನಮಗಿದೆ. ಕೇಳುವವರ ಮನೆಯಲ್ಲಿ ಎಂಥ ಫ್ಯಾನು ತಿರುಗುತ್ತಿದೆ ಎಂದು ಅವರೂ ತಿರುಗಿ ಕೇಳಬಹುದು. ನನ್ನ ಮನೆಯ ಐದರಲ್ಲಿ ಮೂರನ್ನು ಬದಲಿಸಿದ್ದೇನೆ. ಎರಡು ಬಾಕಿ ಇವೆ.

ಕೊನೆಯದಾಗಿ ಮಾಡಿನ ಕೆಲಸ. ಸಂಘಟನೆಯ ಯುವಕರು ಈ ಬೇಸಿಗೆಯಲ್ಲಿ ಶೀಟಿನ ಮನೆಗಳನ್ನು ಮೊದಲು ಕೈಗೆತ್ತಿಕೊಳ್ಳಬೇಕೆಂದು ಕೋರುತ್ತೇನೆ. ಶೀಟಿನ ಮೇಲ್ಮೈಗೆ ಬಿಳಿಯ ಸುಣ್ಣ ಬಳಿದರೆ ಬಿಸಿಲಿನ ದೊಡ್ಡ ಪಾಲು ಹಿಂದಕ್ಕೆ ಹೋಗುತ್ತದೆ. ಒಂದು ಮಳೆಗೆ ತೊಳೆದುಹೋದರೂ ಮತ್ತೆ ಬಳಿಯುವುದು ಕಷ್ಟವಲ್ಲ. ಹಳೆಯ ಸಿಮೆಂಟ್ ಶೀಟಿನಲ್ಲಿ ಕಲ್ನಾರು ಇರುತ್ತದೆ. ಅದನ್ನು ಉಜ್ಜಬೇಡಿ, ಕೊರೆಯಬೇಡಿ, ಅದರ ಮೇಲೆ ಕಾಲಿಡಬೇಡಿ. ಏಣಿಯ ಮೇಲೆ ನಿಂತು ಉದ್ದ ಕೋಲಿನ ಬ್ರಷ್ಷಿನಿಂದ ಬಳಿಯಿರಿ. ಪಡುವಣ ಗೋಡೆಯ ಮುಂದೆ ಬಸಳೆಯದೋ ಹೀರೆಯದೋ ಚಪ್ಪರ ಹಾಕಿ. ಸಂಜೆಯ ಬಿಸಿಲು ಗೋಡೆಗೆ ಬೀಳುವುದಿಲ್ಲ, ಸಾರಿಗೆ ಸೊಪ್ಪೂ ಆಗುತ್ತದೆ. ಎಲ್ಲಿ ಸಾಧ್ಯವೋ ಅಲ್ಲಿ ಶೀಟಿನ ಅಡಿಗೆ ಬಿದಿರ ತಟ್ಟಿಯ ಮುಚ್ಚಿಗೆ ಕಟ್ಟಿ, ಮೇಲಿನ ಬಿಸಿಗಾಳಿ ಹೊರಹೋಗಲು ಎರಡು ತುದಿಗಳಲ್ಲಿ ಕಿಂಡಿ ಬಿಡಿ. ಅಷ್ಟಾದ ಮೇಲೆ ಫ್ಯಾನು. ಮಾಡು ತಗ್ಗಾಗಿದ್ದರೆ ಗೋಡೆಯ ಫ್ಯಾನೇ ಮೇಲು.

ಅಡಿಕೆ ಸೋಗೆಯನ್ನು ಶೀಟಿನ ಮೇಲೆ ಹೊದಿಸುವುದು ಎಲ್ಲಕ್ಕಿಂತ ಅಗ್ಗದ ಉಪಾಯ. ತೋಟದವರು ಸೋಗೆ ಕೊಡಲು ಒಪ್ಪಿದ್ದಾರೆ. ಆದರೆ ಕಟ್ಟಿಗೆ ಒಲೆಯ ಹೊಗೆಗಂಡಿ ಇರುವ ಕಡೆ ಐದಾರು ಅಡಿ ಬಿಟ್ಟೇ ಹೊದಿಸಬೇಕು; ಒಣ ಸೋಗೆಗೆ ಒಂದು ಕಿಡಿ ಸಾಕು. ಮೇ ಕೊನೆಯ ವಾರ, ಮಳೆ ಹಿಡಿಯುವ ಮೊದಲು, ಅಷ್ಟನ್ನೂ ಇಳಿಸಿ ತೋಟದ ಮುಚ್ಚಿಗೆಗೆ ಹಾಕಬೇಕು. ಇಲ್ಲವಾದರೆ ಶೀಟಿನ ಮೇಲೆ ಕೊಳೆತು ನೀರು ನಿಲ್ಲುತ್ತದೆ. ಇಳಿಸುವ ದಿನ ನಾನೂ ಬರುತ್ತೇನೆ.